ಉಸಿರು ಸಾಲದ ಮಾರುತ

ಮಾರುತವೆಂದರೆ ಗಾಳಿ. ತಂಗಾಳಿಯನ್ನು ಮಂದಮಾರುತವೆಂದು ಕರೆಯುವುದು ನಮ್ಮ ಕವಿಗಳ ರೂಢಿ. ಈ ಹೆಸರನ್ನು ಹೊತ್ತ ಯುದ್ಧವಿಮಾನವೊಂದು 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಸಲ ಆಕಾಶಕ್ಕೇರಿತು. ಭಾರತದಲ್ಲಿ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಅದು. ಅದನ್ನು ರೂಪಿಸಿದಾತ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕಾರ. ಗಾಳಿಯ ಹೆಸರಿನ ಈ ವಿಮಾನಕ್ಕೆ ಕಡೆಯವರೆಗೂ ಉಸಿರೇ ಸಾಲದೆ ಹೋಯಿತೆಂಬುದು ಅದರ ಕಥೆ. ಅದರ ಕರ್ತೃವಿನ ಕಥೆಯೂ ಅದರೊಳಗೇ ಅಡಗಿದೆ.

ಟ್ಯಾಂಕ್ ಹುಟ್ಟಿದ್ದು 1898ರಲ್ಲಿ. ತಾನು ರೂಪಿಸಿದ ವಿಮಾನವನ್ನು ತಾನೇ ಹಾರಿಸಿ ನೋಡುತ್ತಿದ್ದ ಅಪರೂಪದ ವಿನ್ಯಾಸಕಾರ ಆತ. ಎರಡನೆಯ ಮಹಾಯುದ್ಧದಲ್ಲಿ ಆತನ ಫೋಕೆ-ವುಲ್ಫ್ 190 ಜರ್ಮನಿಯ ಪ್ರಬಲ ಅಸ್ತ್ರಗಳಲ್ಲೊಂದಾಗಿತ್ತು. ಇಪ್ಪತ್ತು ಸಾವಿರವನ್ನು ಮೀರಿ ಅವು ತಯಾರಾದುವು. ಆ ಕೀರ್ತಿ ಹಿಟ್ಲರನ ಆಳ್ವಿಕೆಯ ನೆರಳಿನಲ್ಲಿ ಬೆಳೆದುದೆಂಬುದನ್ನು ಮರೆಯುವಂತಿಲ್ಲ. ಆ ಪ್ರಭುತ್ವ ಕುಸಿದ ಮೇಲೆ ಆತ ಅರ್ಜೆಂಟೀನಕ್ಕೆ ಹೋಗಿ ಅಧ್ಯಕ್ಷ ಪೆರೋನನ ಆಶ್ರಯದಲ್ಲಿ ಪುಲ್ಕಿ-2 ಎಂಬ ಜೆಟ್ ವಿಮಾನವನ್ನು ರೂಪಿಸಿದ. 1955ರಲ್ಲಿ ಪೆರೋನನೂ ಪದಚ್ಯುತನಾದ. ಹೀಗೆ ಎರಡು ಆಶ್ರಯಗಳನ್ನು ಕಳೆದುಕೊಂಡ ಆತನನ್ನು 1956ರಲ್ಲಿ ನೆಹರೂ ಅವರ ಭಾರತ ಬೆಂಗಳೂರಿಗೆ ಕರೆಸಿಕೊಂಡಿತು.

ಅಂದಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಸ್ವಂತ ವಿನ್ಯಾಸದ ಅನುಭವ ಅತ್ಯಲ್ಪ. ಡಾ. ವಿ. ಎಂ. ಘಾಟಗೆ ಅವರು ರೂಪಿಸಿ 1951ರಲ್ಲಿ ಹಾರಿದ ಎಚ್.ಟಿ.-2 ಎಂಬ ತರಬೇತಿ ವಿಮಾನವೇ ಹೆಮ್ಮೆಯ ಸಾಧನೆ. ಅಲ್ಲಿಂದ ಶಬ್ದದ ವೇಗದ ಇಮ್ಮಡಿಗೆ ಹಾರಬೇಕೆಂಬುದು ಹೊಸ ಯೋಜನೆಯ ಗುರಿ. ಟ್ಯಾಂಕ್ ತನ್ನ ಜರ್ಮನ್ ಸಂಗಡಿಗರೊಡನೆ, ಭಾರತೀಯ ಎಂಜಿನಿಯರುಗಳ ತಂಡವನ್ನು ಕಟ್ಟಿಕೊಂಡು ಕೆಲಸಕ್ಕೆ ತೊಡಗಿದ. ಮೊದಲು ಅದೇ ಆಕಾರ, ಅದೇ ಅಳತೆಯ ಎಂಜಿನ್ ಇಲ್ಲದ ಮರದ ಗ್ಲೈಡರೊಂದನ್ನು ಮಾಡಿದರು. 1959ರಲ್ಲಿ ಅದನ್ನು ಡಕೋಟಾ ವಿಮಾನದಿಂದ ಮೇಲಕ್ಕೆಳೆದೊಯ್ದು ಬಿಟ್ಟು ಪರೀಕ್ಷಿಸಿದರು. ಆಕಾರ ನಿರ್ದುಷ್ಟವೆಂದು ತಿಳಿದುಬಂತು.

ಆದರೆ ಆಕಾರವೊಂದೇ ವಿಮಾನವಲ್ಲ. ಶಬ್ದದ ವೇಗವನ್ನು ಸಮೀಪಿಸುತ್ತಿದ್ದಂತೆ ಗಾಳಿಯ ಪ್ರತಿರೋಧ ಥಟ್ಟನೆ ಏರುತ್ತದೆ. ಒಡಲನ್ನು ಹದವಾಗಿ ತಿದ್ದಿ ಅದನ್ನು ತಗ್ಗಿಸಬಹುದೇ ಹೊರತು ಇಲ್ಲವಾಗಿಸಲಾಗದು; ಅದನ್ನು ಗೆಲ್ಲಬೇಕಾದುದು ಎಂಜಿನ್ನಿನ ನೂಕುಬಲ. ಟ್ಯಾಂಕ್ ನೆಚ್ಚಿಕೊಂಡಿದ್ದುದು ಬ್ರಿಟನ್ನಿನ ಆರ್ಫಿಯಸ್ 12 ಎಂಬ ಎಂಜಿನ್ನನ್ನು. ಹೊರಬರುವ ಬಿಸಿಗಾಳಿಗೆ ಮತ್ತೆ ಇಂಧನ ಸುರಿದು ಉರಿಸಿದಾಗ ಅದು 8,170 ಪೌಂಡ್ ಬಲ ಕೊಡಬೇಕಾಗಿತ್ತು. ಬ್ರಿಟಿಷ್ ಸರ್ಕಾರ ಆ ಎಂಜಿನ್ನಿನ ಅಭಿವೃದ್ಧಿಯಿಂದ ಹಿಂದೆ ಸರಿಯಿತು. ಉಳಿದ ವೆಚ್ಚವನ್ನು ಭರಿಸಲು ನಮ್ಮ ಸರ್ಕಾರವೂ ಒಪ್ಪಲಿಲ್ಲ. ಕೊನೆಗೆ ಸಣ್ಣ ವಿಮಾನವಾದ ನ್ಯಾಟ್‌ಗೆಂದು ಇದ್ದ, 4,850 ಪೌಂಡ್ ಬಲದ ಎರಡು ಎಂಜಿನ್ನುಗಳನ್ನೇ ಮಾರುತಕ್ಕೆ ಕೂಡಿಸಬೇಕಾಯಿತು. ವಿಮಾನ ಶಬ್ದದ ವೇಗದ ಹೊಸ್ತಿಲಲ್ಲಿಯೇ ನಿಂತಿತು.

ಆಮೇಲೆ ರಷ್ಯದ ಎಂಜಿನ್ನನ್ನು ಪರಿಶೀಲಿಸಿದ್ದಾಯಿತು. ಈಜಿಪ್ಟಿನ ಎಂಜಿನ್ನನ್ನು ಒಂದು ಮಾರುತಕ್ಕೆ ಜೋಡಿಸಿ ಆ ದೇಶದಲ್ಲಿಯೇ ಹಾರಿಸಿ ನೋಡಿದ್ದಾಯಿತು. ಯಾವುದೂ ಕೈಹತ್ತಲಿಲ್ಲ. ಇದ್ದ ಎಂಜಿನ್ನಿಗೇ ಮರುದಹನದ ಸಾಧನವನ್ನು ಸೇರಿಸಿದ ಮಾದರಿಯನ್ನು ಹಾರಿಸುತ್ತಿದ್ದಾಗ, 1970ರ ಜನವರಿ 10ರಂದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರು ಅಪಘಾತದಲ್ಲಿ ಮಡಿದರು. ಮೊದಲ ಮಾರುತವನ್ನು ಹಾರಿಸಿದ ಧೀರರೂ ಅವರೇ. ಬೆಂಗಳೂರಿನ ರಸ್ತೆಯೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಟ್ಯಾಂಕ್ ಅದಕ್ಕೆ ಮೊದಲೇ, 1967ರಲ್ಲಿ ಕಾರ್ಖಾನೆಯನ್ನು ಬಿಟ್ಟಿದ್ದ. 1983ರಲ್ಲಿ ಮ್ಯೂನಿಕ್ಕಿನಲ್ಲಿ ತೀರಿಕೊಂಡ. ಇತ್ತ ಮಾರುತ ನಿಷ್ಪ್ರಯೋಜಕವಾಗಲಿಲ್ಲ. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಳಮಟ್ಟದಲ್ಲಿ ಹಾರಿ ದಾಳಿಮಾಡಿ ತನ್ನ ಗಟ್ಟಿತನವನ್ನು ಮೆರೆಯಿತು. ಒಟ್ಟು 147 ವಿಮಾನಗಳು ತಯಾರಾದುವು. 1990ರ ಹೊತ್ತಿಗೆ ಸೇವೆಯಿಂದ ನಿವೃತ್ತವಾದುವು.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇಲ್ಲಿ ಅರಿಕೇಸರಿಯ ಆಸ್ಥಾನದ ನೆನಪಾಗುತ್ತದೆ. ಪಂಪನಿಗೂ ಆಶ್ರಯ ಬೇಕಾಗಿತ್ತು, ನಿಜ. ಆದರೆ ಅರಸು ಅಳಿದರೂ ಕಾವ್ಯ ಅಳಿಯಲಿಲ್ಲ. ಬರೆದು ಮುಗಿಸಿದ ಮೇಲೆ ಅದಕ್ಕೆ ಯಾರ ಹಂಗೂ ಇಲ್ಲ. ವಿಮಾನದ ಕರ್ತೃವಿಗೆ ಆ ಸೌಭಾಗ್ಯವಿಲ್ಲ. ಆತನ ಕೃತಿಯ ಅರ್ಧ ಮತ್ತೊಬ್ಬರ ಕಾರ್ಖಾನೆಯಲ್ಲಿ, ಮತ್ತೊಂದು ದೇಶದ ಖಜಾನೆಯಲ್ಲಿರುತ್ತದೆ. ಬಡತನದಲ್ಲಿದ್ದ ನಾಡು ಹಣಕ್ಕೆ ಹಿಂಜರಿದುದನ್ನು ಸುಲಭವಾಗಿ ಹಳಿಯಲಾಗದು. ಆದರೂ ಒಡಲಿಗೆ ವೆಚ್ಚಮಾಡಿ ಉಸಿರಿಗೆ ಕೈಬಿಗಿಹಿಡಿದದ್ದು ಉಳಿತಾಯವಾಗಲಿಲ್ಲ. ಪ್ರತಿಭೆಯನ್ನು ಕರೆತರುವುದು ಸುಲಭ. ಅದು ಹಿಡಿದ ಕೆಲಸವನ್ನು ಕೊನೆಮುಟ್ಟಿಸುವ ಪ್ರಭುತ್ವ ದುರ್ಲಭ.

ಪಾಠ ಹಳೆಯದಾಗಿಲ್ಲ. 2001ರಲ್ಲಿ ಬೆಂಗಳೂರಿನಿಂದಲೇ ಹಾರಿದ ತೇಜಸ್ ವಿಮಾನದ ಒಡಲು ನಮ್ಮದು, ಎಂಜಿನ್ ಅಮೆರಿಕದ್ದು; ಅದಕ್ಕೆಂದು ನಾವು ತೊಡಗಿದ ಕಾವೇರಿ ಎಂಜಿನ್ ಅದರೊಡನೆ ಸೇರಲಿಲ್ಲ. ನಮ್ಮ ಸಾತನೂರಿನ ಕಡೆಯಿಂದ ಬೆಂಗಳೂರಿಗೆ ಹೋಗುವ ತರುಣರು ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ನಿಂತಿರುವ ಮಾರುತವನ್ನು ಒಮ್ಮೆ ನೋಡಬೇಕು. ಎಷ್ಟು ಚೆಲುವಾದ ಒಡಲು ಅದು! ಅದರ ಮುಂದೆ ನಿಂತವನಿಗೆ ಎಂಜಿನ್ ಕಟ್ಟುವ ಹಂಬಲ ಮೂಡಿದರೆ ಕುರ್ಟ್ ಟ್ಯಾಂಕನ ಶ್ರಮ ವ್ಯರ್ಥವಾಗಲಿಲ್ಲವೆಂದು ತಿಳಿಯಬಹುದು.