ಬಾಟಲಿ ವಿಮಾನ ಏರುವ ಮುನ್ನ

ಕಲಂಗುಟ್ ಗೋವಾದ ಹೆಸರಾದ ಕಡಲ ತೀರ. ಅದು ಬಾರ್ದೇಶ ತಾಲೂಕಿನಲ್ಲಿದೆ. ಅಲ್ಲಿ ಹೋಟೆಲು, ಅಂಗಡಿ, ದೋಣಿಗಳು ಬಹಳ. ನಮ್ಮ ಉತ್ತರ ಕರ್ನಾಟಕದ ಎಷ್ಟೋ ಜನ ಗೋವಾಕ್ಕೆ ದುಡಿಯಲು ಹೋಗುತ್ತಾರೆ. ರೂಮು ಗುಡಿಸುತ್ತಾರೆ. ಬಟ್ಟೆ ತೊಳೆಯುತ್ತಾರೆ. ಸಾಮಾನು ಹೊರುತ್ತಾರೆ.

ಹೋಟೆಲಿಗೆ ಬಂದವರು ಕೆಲವು ಸಲ ಸಾಮಾನು ಮರೆತು ಹೋಗುತ್ತಾರೆ. ಸೆಂಟಿನ ಬಾಟಲಿ ಇರಬಹುದು. ಉಗುರು ಬಣ್ಣ ತೆಗೆಯುವ ದ್ರವ ಇರಬಹುದು. ಊರು ಮುಟ್ಟಿದ ಮೇಲೆ ಫೋನ್ ಮಾಡಿ, "ಕೊರಿಯರ್ ಮಾಡಿ" ಎನ್ನುತ್ತಾರೆ. ಆಗ ಮ್ಯಾನೇಜರು ಕೆಲಸದ ಹುಡುಗನಿಗೆ, "ಒಂದು ಡಬ್ಬದಾಗ ಹಾಕಿ ಕಟ್ಟಪಾ" ಎನ್ನಬಹುದು. ಆ ಡಬ್ಬ ಲಾರಿಯಲ್ಲಿ ಹೋಗಬಹುದು. ವಿಮಾನದಲ್ಲೂ ಹೋಗಬಹುದು. ಕಟ್ಟಿದವನಿಗೆ ಅದು ಗೊತ್ತಾಗುವುದಿಲ್ಲ.

ಇದರಲ್ಲಿ ಅಪಾಯ ಏನು? ತಿಳಿಯೋಣ ಬನ್ನಿ.

ಯಾವ ದ್ರವ ಅಪಾಯ?

ಬೇಗ ಬೆಂಕಿ ಹಿಡಿಯುವ ದ್ರವ ಅಪಾಯ. ಪೆಟ್ರೋಲ್, ಪೇಂಟಿಗೆ ಹಾಕುವ ಥಿನ್ನರ್, ಸ್ಪಿರಿಟ್, ಸೆಂಟು ಇವೆಲ್ಲ ಈ ಗುಂಪಿನವು. ಮೈಯನ್ನೂ ಲೋಹವನ್ನೂ ಸುಡುವ ದ್ರವವೂ ಅಪಾಯ. ಆಸಿಡ್ ಮತ್ತು ಈಜುಕೊಳಕ್ಕೆ ಹಾಕುವ ಕ್ಲೋರಿನ್ ದ್ರವ ಈ ಗುಂಪಿಗೆ ಸೇರುತ್ತವೆ. ಬೆಳೆಗೆ ಹೊಡೆಯುವ ಔಷಧಿ ವಿಷದ ಗುಂಪು.

ನೆಲದ ಮೇಲೆ ಬಾಟಲಿ ಸೋರಿದರೆ ನಾವು ದೂರ ಓಡಬಹುದು. ಆಕಾಶದಲ್ಲಿ ಓಡಲು ಜಾಗ ಎಲ್ಲಿದೆ?

ಮೇಲೆ ಹೋದರೆ ಏನಾಗುತ್ತೆ?

ಗೋವಾದಿಂದ ಬೆಳಗಾವಿಗೆ ಬಸ್ಸು ಚೋರ್ಲಾ ಘಾಟು ಹತ್ತುತ್ತದೆ. ಆಗ ಚಿಪ್ಸ್ ಪ್ಯಾಕೆಟ್ ಉಬ್ಬುತ್ತದೆ. ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ. ಪ್ಯಾಕೆಟಿನ ಒಳಗಿನ ಗಾಳಿ ಹಿಗ್ಗುತ್ತದೆ. ವಿಮಾನದಲ್ಲಿ ಇದು ಇನ್ನೂ ಹೆಚ್ಚು. ವಿಮಾನ ಮೇಲೇರಿದಾಗ ಅದರ ಒಳಗಿನ ಗಾಳಿ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಷ್ಟು ತೆಳುವಾಗಬಹುದು. ಆಗ ಬಾಟಲಿಯ ಒಳಗಿನ ಗಾಳಿ ಮುಚ್ಚಳವನ್ನು ತಳ್ಳುತ್ತದೆ. ಸಡಿಲ ಮುಚ್ಚಳ ಇದ್ದರೆ ದ್ರವ ಸೋರುತ್ತದೆ. ವಿಮಾನ ಅಲುಗಾಡುತ್ತದೆ. ಅದರಿಂದಲೂ ಮುಚ್ಚಳ ಬಿಚ್ಚಬಹುದು.

ಕಟ್ಟುವ ಸರಿಯಾದ ಕ್ರಮ

ಅಪಾಯದ ದ್ರವವನ್ನು ಪದರ ಪದರವಾಗಿ ಕಟ್ಟುತ್ತಾರೆ.

ಒಂದು, ಬಾಟಲಿ. ಅದು ಆ ದ್ರವಕ್ಕೆ ತಾಳುವಂತೆ ಇರಬೇಕು. ಬಾಯಿತನಕ ತುಂಬಬಾರದು. ಬಿಸಿಯಾದರೆ ದ್ರವ ಹಿಗ್ಗುತ್ತದೆ. ಅದಕ್ಕೆ ಜಾಗ ಬಿಡಬೇಕು.

ಎರಡು, ಮುಚ್ಚಳ. ಬಿಗಿಯಾಗಿ ತಿರುಗಿಸಿದರೆ ಸಾಲದು. ಅದು ತಾನಾಗಿ ಬಿಚ್ಚದಂತೆ ಮೇಲೆ ಟೇಪು ಸುತ್ತಬೇಕು, ಇಲ್ಲವೇ ಬೇರೆ ಬಿಗಿ ಹಾಕಬೇಕು.

ಮೂರು, ಸೋರದ ಚೀಲ. ಬಾಟಲಿ ಒಡೆದರೂ ದ್ರವ ಈ ಚೀಲದಲ್ಲೇ ನಿಲ್ಲಬೇಕು.

ನಾಲ್ಕು, ಹೀರುವ ವಸ್ತು. ಸೋರಿದ್ದನ್ನು ಅದು ಹೀರಿಕೊಳ್ಳಬೇಕು. ಆದರೆ ದ್ರವ ತಾಗಿದಾಗ ಅದಕ್ಕೆ ಬೆಂಕಿ ಹತ್ತಬಾರದು.

ಐದು, ಹೊರಗಿನ ಡಬ್ಬ. ಸಿಕ್ಕ ಸಿಕ್ಕ ರಟ್ಟಿನ ಡಬ್ಬ ನಡೆಯುವುದಿಲ್ಲ. ಇಂಥ ಡಬ್ಬವನ್ನು ಎತ್ತರದಿಂದ ಬೀಳಿಸಿ ಪರೀಕ್ಷೆ ಮಾಡಿರುತ್ತಾರೆ. ಅಪಾಯ ಕಡಿಮೆ ಇದ್ದರೆ 0.8 ಮೀಟರ್, ಮಧ್ಯಮ ಇದ್ದರೆ 1.2 ಮೀಟರ್, ಹೆಚ್ಚು ಇದ್ದರೆ 1.8 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ಪರೀಕ್ಷೆ ಗೆದ್ದ ಡಬ್ಬದ ಮೇಲೆ ದುಂಡನೆಯ ಗೆರೆಯ ಒಳಗೆ 'ಯುಎನ್' ಎಂಬ ಇಂಗ್ಲಿಷ್ ಅಕ್ಷರಗಳ ಗುರುತು ಇರುತ್ತದೆ.

ಆರು, ಚಿಹ್ನೆ ಮತ್ತು ಕಾಗದ. ಮೇಲ್ಮುಖ ಬಾಣದ ಗುರುತು ಎದುರುಬದುರು ಎರಡು ಬದಿಗೆ ಇರಬೇಕು. ಅಪಾಯದ ಚಿಹ್ನೆ ಇರಬೇಕು. ಒಳಗೆ ಏನಿದೆ, ಎಷ್ಟಿದೆ ಎಂದು ಬರೆದು, ಕಳಿಸುವವರು ಸಹಿ ಮಾಡಬೇಕು.

ಈ ಕೆಲಸ ತರಬೇತಿ ಪಡೆದವರದು. ಭಾರತ ಸರ್ಕಾರ 2003ರಲ್ಲೇ ಇದಕ್ಕೆಂದು ನಿಯಮ ಮಾಡಿತು.

ತಪ್ಪಿದರೆ ಏನಾಗುತ್ತೆ?

1973ರ ನವೆಂಬರ್ 3. ಪ್ಯಾನ್ ಆಮ್ ಕಂಪನಿಯ ಸರಕು ವಿಮಾನ ಅಮೆರಿಕದ ನ್ಯೂಯಾರ್ಕ್‌ನಿಂದ ಹೊರಟಿತ್ತು. ಅದರಲ್ಲಿ ನೈಟ್ರಿಕ್ ಆಸಿಡ್ ಬಾಟಲಿಗಳಿದ್ದವು. ಬಾಟಲಿಗಳ ಸುತ್ತ ಮರದ ಹೊಟ್ಟು ತುಂಬಿದ್ದರು. ಆಸಿಡ್ ಸೋರಿ ಹೊಟ್ಟಿಗೆ ತಾಗಿ ಹೊಗೆ ಎದ್ದಿರಬೇಕು ಎಂದು ತನಿಖೆ ಹೇಳಿತು. ಹೊಗೆ ಚಾಲಕರ ಕೋಣೆ ತುಂಬಿತು. ವಿಮಾನ ಬಾಸ್ಟನ್‌ನಲ್ಲಿ ಇಳಿಯುವಾಗ ಬಿತ್ತು. ಒಳಗಿದ್ದ ಮೂವರೂ ಸತ್ತರು. ಹೊಟ್ಟು ಅಗ್ಗದ ವಸ್ತು. ಅದೇ ಮುಳುವಾಯಿತು.

ಇನ್ನೊಂದು, 2000ರ ಮಾರ್ಚ್ ತಿಂಗಳಿನದು. ಚೀನಾದ ಬೀಜಿಂಗ್‌ನಿಂದ ಮಲೇಷ್ಯಾದ ಕೌಲಾಲಂಪುರಕ್ಕೆ ವಿಮಾನ ಬಂತು. ಅದರಲ್ಲಿ ರಾಸಾಯನಿಕದ ಡಬ್ಬಿಗಳಿದ್ದವು. ಕಾಗದದಲ್ಲಿ ಒಂದು ಪುಡಿಯ ಹೆಸರಿತ್ತು. ಒಳಗೆ ಇದ್ದದ್ದು ಸುಡುವ, ವಿಷದ ದ್ರವ. ಅದು ಸೋರಿತು. ಸಾಮಾನು ಇಳಿಸುತ್ತಿದ್ದ ಐವರು ಕೂಲಿಕಾರರಿಗೆ ತೊಂದರೆಯಾಯಿತು. ಆ ದೊಡ್ಡ ವಿಮಾನ ಮತ್ತೆ ಹಾರಲೇ ಇಲ್ಲ.

ನೋಡಿ, ಸುಳ್ಳು ಬರೆದವರು ಎಲ್ಲೋ ಇದ್ದರು. ಡಬ್ಬ ಮುಟ್ಟಿದ ಕೂಲಿಕಾರರು ನೋವು ಉಂಡರು.

ಫೆನಿ ಒಯ್ಯುವವರಿಗೆ

ಗೋವಾದಿಂದ ಹೋಗುವವರು ಗೇರುಹಣ್ಣಿನ ಫೆನಿ ಒಯ್ಯುವುದುಂಟು. ಅದೂ ಬೆಂಕಿ ಹಿಡಿಯುವ ದ್ರವವೇ. ಮದ್ಯಸಾರ ನೂರಕ್ಕೆ 24ಕ್ಕಿಂತ ಹೆಚ್ಚು, 70ರ ಒಳಗೆ ಇದ್ದರೆ, ವಿಮಾನದ ನಿಯಮದಂತೆ ಒಬ್ಬರಿಗೆ 5 ಲೀಟರ್ ಮಿತಿ. ಅದು ಅಂಗಡಿಯ ಮೂಲ ಬಾಟಲಿಯಲ್ಲೇ ಇರಬೇಕು. ಬಿಡಿ ಫೆನಿಯನ್ನು ಹಳೇ ನೀರಿನ ಬಾಟಲಿಗೆ ತುಂಬಿ ಒಯ್ಯುವಂತಿಲ್ಲ. 70ಕ್ಕಿಂತ ಹೆಚ್ಚು ಮದ್ಯಸಾರ ಇದ್ದರೆ ಒಯ್ಯಲೇಬಾರದು. ರಾಜ್ಯದ ಅಬಕಾರಿ ನಿಯಮ ಬೇರೆ ಇರುತ್ತದೆ. ಅದನ್ನೂ ಕೇಳಿಕೊಳ್ಳಿ.

ನಾವು ಏನು ಮಾಡಬೇಕು?

ಯಾರಾದರೂ ಡಬ್ಬ ಕಟ್ಟಲು ಹೇಳಿದರೆ ಮೊದಲು ಕೇಳಿ: "ಅಣ್ಣಾರ, ಇದರಾಗ ಏನೈತ್ರಿ?" ಕೇಳಲು ನಾಚಿಕೆ ಬೇಡ. ಬಾಟಲಿಯ ಮೇಲಿನ ಚಿಹ್ನೆ ನೋಡಿ. ಕೆಂಪು ಚೌಕದಲ್ಲಿ ಬೆಂಕಿಯ ಚಿತ್ರ ಇದ್ದರೆ ಬೆಂಕಿಯ ಅಪಾಯ. ಕೈ ಮೇಲೆ ಹನಿ ಬೀಳುವ ಚಿತ್ರ ಇದ್ದರೆ ಸುಡುವ ದ್ರವ. ತಲೆಬುರುಡೆ ಇದ್ದರೆ ವಿಷ.

ಅಂಥ ಬಾಟಲಿ ಇದ್ದರೆ ಕೊರಿಯರ್ ಕಚೇರಿಯಲ್ಲಿ ನಿಜ ಹೇಳಿ. ಅವರು ಬೇಡ ಎಂದರೆ ವಾಪಸು ತನ್ನಿ. ಅಂಚೆಯಲ್ಲೂ ಇಂಥವು ನಡೆಯುವುದಿಲ್ಲ. "ಬಟ್ಟೆ ಅಂತ ಬರಿ" ಎಂದು ಯಾರು ಹೇಳಿದರೂ ಬರೆಯಬೇಡಿ. ಡಬ್ಬ ಒದ್ದೆಯಾಗಿದ್ದರೆ, ವಾಸನೆ ಬಂದರೆ ಮುಟ್ಟಬೇಡಿ. ದೂರ ನಿಂತು ಮೇಲಿನವರಿಗೆ ಹೇಳಿ.

ನಾವು ಅಕ್ಷರ ಕಲಿತಿದ್ದೇವೆ. ಡಬ್ಬದ ಮೇಲೆ ನಿಜ ಬರೆದರೆ, ಮುಂದೆ ಅದನ್ನು ಎತ್ತುವ ನಮ್ಮಂಥ ದುಡಿಯುವವರ ಜೀವ ಉಳಿಯುತ್ತದೆ.

ಉತ್ತರ ಹೇಳಿ

1. ಬಾಟಲಿಯನ್ನು ಬಾಯಿತನಕ ಏಕೆ ತುಂಬಬಾರದು?
2. ಆಸಿಡ್ ಬಾಟಲಿ ಸುತ್ತ ಮರದ ಹೊಟ್ಟು ಏಕೆ ಹಾಕಬಾರದು?
3. ನಿಮ್ಮ ಮನೆಯಲ್ಲಿರುವ ಬಾಟಲಿಗಳನ್ನು ನೋಡಿ. ಯಾವುದರ ಮೇಲೆ ಅಪಾಯದ ಚಿಹ್ನೆ ಇದೆ? ಪಟ್ಟಿ ಮಾಡಿ.