ಸಂಕರಯಂತ್ರದಲ್ಲಿ ಕ್ಯಾಮಿನ ಕಾಲನಿರ್ಣಯ

ಸಾಗರದಿಂದ ಗೇರುಸೊಪ್ಪೆಯ ಘಟ್ಟವನ್ನೋ, ಹೊಸನಗರದಿಂದ ಹುಲಿಕಲ್ಲಿನ ಘಟ್ಟವನ್ನೋ, ತೀರ್ಥಹಳ್ಳಿಯಿಂದ ಆಗುಂಬೆಯ ಘಟ್ಟವನ್ನೋ ಇಳಿದು ಕರಾವಳಿಯನ್ನು ಸೇರಿದ ಕಾರು ಮರಳಿ ಏರುವಾಗ ಮಂದಗತಿಯಲ್ಲಿಯೇ ಭಾರವನ್ನೆಳೆಯಬೇಕಾಗುವುದು. ಈ ಎಳೆತವು ಯಂತ್ರದ ಗಾತ್ರವನ್ನು ಮಾತ್ರವಲ್ಲದೆ ವಾಲ್ವುಗಳು ತೆರೆದು ಮುಚ್ಚುವ ಕಾಲವನ್ನೂ ಅವಲಂಬಿಸಿದೆ. ಆ ಕಾಲಕ್ಕೆ ನಿಯಾಮಕವಾದುದು ಕ್ಯಾಮ್ ದಂಡ.

ಪ್ರಕೃತದಲ್ಲಿ ಸಂಕರಯಂತ್ರವೆಂದರೆ ಒಂದು ಪೆಟ್ರೋಲ್ ಯಂತ್ರದ ಬ್ಲಾಕಿನ ಮೇಲೆ ಬೇರೊಂದರ ಹೆಡ್ಡನ್ನು ಕೂಡಿಸಿ ಕಟ್ಟಿದುದು. ಪೆಟ್ರೋಲೂ ವಿದ್ಯುತ್ತೂ ಕೂಡಿ ನಡೆಸುವ ಹೈಬ್ರಿಡ್ ಕಾರಿನ ವಿಚಾರವು ಬೇರೆ. ನಾಲ್ಕು ಸ್ಟ್ರೋಕಿನ ಯಂತ್ರದಲ್ಲಿ ಕ್ರ್ಯಾಂಕು ಎರಡು ಸುತ್ತು, ಅಂದರೆ 720 ಡಿಗ್ರಿ, ತಿರುಗುವಷ್ಟರಲ್ಲಿ ಕ್ಯಾಮು ಒಂದೇ ಸುತ್ತು ತಿರುಗುವುದು. ಈ ಸಂಬಂಧವನ್ನು ಕಾಯುವ ಬೆಲ್ಟಿನ ಚಕ್ರಗಳ ಮೇಲೆ ತಯಾರಕರು ಗುರುತುಗಳನ್ನು ಕೊರೆದಿರುವರು. ಹೆಡ್ಡೂ ಬ್ಲಾಕೂ ಒಂದೇ ಕುಲದವಾದರೆ ಗುರುತುಗಳನ್ನು ಸೇರಿಸಿದರೆ ಸಾಕು. ಸಂಕರದಲ್ಲಾದರೋ ಬ್ಲಾಕಿನ ಎತ್ತರವು ಭಿನ್ನವಾಗಿ ಎರಡು ದಂಡಗಳ ಅಂತರವು ಬದಲಾಗುವುದು. ಹೆಡ್ಡನ್ನು ಅರೆದು ತೆಳುಮಾಡಿದ್ದರೂ ಹಾಗೆಯೇ. ಅಂತರವು ಕುಗ್ಗಿದರೆ ಕ್ಯಾಮು ಹಿಂದೆ ಬೀಳುವುದು. ಒಂದು ಪ್ರತಿಯ ಮೂಲಕ್ಕೆ ಮತ್ತೊಂದು ಪ್ರತಿಯ ಟೀಕೆಯನ್ನು ಕಟ್ಟಿದಾಗ ಶ್ಲೋಕಸಂಖ್ಯೆಯನ್ನು ನಂಬಲಾಗದೆ ಪದಗಳನ್ನೇ ನೋಡಬೇಕಾಗುವಂತೆ, ಇಲ್ಲಿಯೂ ಗುರುತನ್ನು ಬಿಟ್ಟು ಅಳತೆಯನ್ನೇ ಆಶ್ರಯಿಸತಕ್ಕದ್ದು.

ಅಳತೆಯ ಕ್ರಮವೆಂತೆಂದರೆ: ಕ್ರ್ಯಾಂಕಿಗೆ ಡಿಗ್ರಿಗಳನ್ನು ಕೊರೆದ ಚಕ್ರವನ್ನು ಕಟ್ಟಿ, ಮೊದಲನೆಯ ಪಿಸ್ಟನ್ನಿನ ಅತ್ಯುನ್ನತ ಸ್ಥಾನವನ್ನು ಮೊದಲು ನಿರ್ಣಯಿಸಬೇಕು. ಆ ಸ್ಥಾನದಲ್ಲಿ ಪಿಸ್ಟನ್ನು ಕೆಲವು ಡಿಗ್ರಿಗಳವರೆಗೆ ನಿಂತಂತೆಯೇ ತೋರುವುದರಿಂದ ಕಣ್ಣಳತೆ ಸಲ್ಲದು. ಸ್ಪಾರ್ಕ್ ಪ್ಲಗ್ಗಿನ ರಂಧ್ರದಲ್ಲಿ ತಡೆಯನ್ನಿಟ್ಟು, ಕ್ರ್ಯಾಂಕನ್ನು ಎರಡು ದಿಕ್ಕುಗಳಲ್ಲಿಯೂ ಮೆಲ್ಲಗೆ ತಡೆಗೆ ತಾಗಿಸಿ, ಎರಡು ಸ್ಥಾನಗಳ ನಡುಮಧ್ಯವನ್ನು ಸೊನ್ನೆಯೆಂದು ಇಟ್ಟುಕೊಳ್ಳತಕ್ಕದ್ದು. ಬಳಿಕ ತಡೆಯನ್ನು ತೆಗೆದು, ಇನ್‌ಲೆಟ್ ವಾಲ್ವಿಗೆ ಡಯಲ್ ಗೇಜನ್ನು ತಾಗಿಸಿ, ಕ್ರ್ಯಾಂಕನ್ನು ಅದು ಓಡುವ ದಿಕ್ಕಿನಲ್ಲಿಯೇ ತಿರುಗಿಸುತ್ತ, ಗರಿಷ್ಠ ತೆರಪಿಗಿಂತ ಸ್ವಲ್ಪ ಕಡಮೆಯಾದ ಒಂದೇ ಅಳತೆಯು ಏರುವಾಗಲೂ ಇಳಿಯುವಾಗಲೂ ಎಲ್ಲಿ ಬರುವುದೆಂದು ನೋಡಬೇಕು. ಅವು 80 ಮತ್ತು 136 ಆದರೆ ಮಧ್ಯವು 108. ಕ್ಯಾಮಿನ ಪತ್ರಿಕೆಯಲ್ಲಿ 106 ಎಂದಿದ್ದರೆ ಕ್ಯಾಮು ಕ್ರ್ಯಾಂಕಿನ ಲೆಕ್ಕದಲ್ಲಿ 2 ಡಿಗ್ರಿ, ತನ್ನ ಲೆಕ್ಕದಲ್ಲಿ 1 ಡಿಗ್ರಿ, ಹಿಂದಿದೆಯೆಂದು ಸಿದ್ಧವಾಗುವುದು. ಇದನ್ನು ಬೆಲ್ಟಿನ ಹಲ್ಲು ಬದಲಿಸಿ ಸರಿಪಡಿಸಲಾಗದು; 40 ಹಲ್ಲುಗಳ ಚಕ್ರದಲ್ಲಿ ಒಂದು ಹಲ್ಲೆಂದರೆ ಕ್ರ್ಯಾಂಕಿನ 18 ಡಿಗ್ರಿ. ಆದುದರಿಂದ ಬೋಲ್ಟು ಸಡಿಲಿಸಿ ಸರಿಸಬಹುದಾದ ಕ್ಯಾಮ್ ಚಕ್ರವು ಅವಶ್ಯಕ.

ಕ್ಯಾಮನ್ನು ತುಸು ಮುಂದಿಟ್ಟರೆ ಇನ್‌ಲೆಟ್ ವಾಲ್ವು ಬೇಗ ಮುಚ್ಚಿ ಮಂದಗತಿಯ ಎಳೆತವು ಹೆಚ್ಚುವುದು. ಹಿಂದಿಟ್ಟರೆ ವೇಗದಲ್ಲಿ ಅನುಕೂಲ. ಘಟ್ಟದ ಕಾರಿಗೆ ಮೊದಲನೆಯದು ಗ್ರಾಹ್ಯ. ಆದರೆ ಮುಂದಿಟ್ಟಷ್ಟೂ ಇನ್‌ಲೆಟ್ ವಾಲ್ವು ಪಿಸ್ಟನ್ನಿಗೆ ಸಮೀಪಿಸುವುದು. ಈ ಕಾರಣದಿಂದ ಪಿಸ್ಟನ್ನಿನ ತಲೆಗೆ ಮೆದುವಾದ ಜೇಡಿಮಣ್ಣನ್ನು ಮೆತ್ತಿ, ಹೆಡ್ಡನ್ನು ಬಿಗಿದು, ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ, ಅಚ್ಚಿನ ಅತಿ ತೆಳುವಾದ ಭಾಗವನ್ನು ಅಳೆಯುವ ರೂಢಿಯುಂಟು. ಇನ್‌ಲೆಟ್ಟಿಗೆ ಸುಮಾರು 2 ಮಿಲಿಮೀಟರು, ಎಕ್ಸಾಸ್ಟಿಗೆ ಸುಮಾರು 2.5 ಮಿಲಿಮೀಟರು ತೆರಪು ಉಳಿದಿರಬೇಕು.

ಕಡೆಯಲ್ಲಿ ಮಣ್ಣನ್ನು ತೊಳೆದು ಮರುಜೋಡಿಸಿ, ಸ್ಟಾರ್ಟರನ್ನು ಮುಟ್ಟುವ ಮುನ್ನ ಯಂತ್ರವನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸತಕ್ಕದ್ದು. ನಡುವೆ ತಡೆ ತೋರಿದರೆ ಬಲಪ್ರಯೋಗ ಕೂಡದು; ಕೈಗೆ ತಿಳಿದ ದೋಷವನ್ನು ತಿದ್ದಬಹುದು, ಸ್ಟಾರ್ಟರು ಬಗ್ಗಿಸಿದ ವಾಲ್ವನ್ನು ಬದಲಿಸಲೇಬೇಕು.