ಘಾಟಿ ಇಳಿಯುವಾಗ ನ್ಯೂಟ್ರಲ್ ಯಾಕೆ ಬೇಡ?

ಪೆಟ್ರೋಲ್ ಉಳಿಯುತ್ತೆ ಅಂತ ಚಾರ್ಮಾಡಿ, ಆಗುಂಬೆ ಇಳಿಯುವಾಗ ಬೈಕನ್ನು ನ್ಯೂಟ್ರಲ್‌ಗೆ ಹಾಕೋರಿದ್ದಾರೆ. ಕಾಮರ್ಸ್ ಓದಿದ ನನಗೂ ಅರ್ಥವಾದ ಲೆಕ್ಕ ಹೇಳ್ತೀನಿ, ಕೇಳಿ.

ಸಮತಟ್ಟು ರಸ್ತೆಯಲ್ಲಿ ಗುರುತ್ವಾಕರ್ಷಣೆ ಗಾಡಿಯನ್ನು ನೆಲಕ್ಕೆ ಒತ್ತುತ್ತೆ, ಅಷ್ಟೇ. ಇಳಿಜಾರಲ್ಲಿ ಅದರ ಒಂದು ಪಾಲು ಮುಂದಕ್ಕೂ ಎಳೆಯುತ್ತೆ. ಇಳಿಜಾರು ಕಡಿದಾದಷ್ಟೂ ಆ ಪಾಲು ಜಾಸ್ತಿ.

100 ಮೀಟರ್ ಸಾಗಿದಾಗ 5 ಮೀಟರ್ ಇಳಿಯೋ ರಸ್ತೆ ಅಂದ್ಕೊಳ್ಳಿ. ಘರ್ಷಣೆ, ಗಾಳಿಯ ತಡೆ ಬಿಟ್ಟರೆ, 10 ಸೆಕೆಂಡಲ್ಲಿ ವೇಗ ಗಂಟೆಗೆ ಸುಮಾರು 18 ಕಿ.ಮೀ. ಏರುತ್ತೆ. 10 ಮೀಟರ್ ಇಳಿದರೆ? 35 ಕಿ.ಮೀ.!

ಗಾಡಿ ಹಗುರವಿರಲಿ, ಭಾರವಿರಲಿ, ಈ ಲೆಕ್ಕ ಒಂದೇ. ಆದ್ರೆ ಭಾರ ಹೆಚ್ಚಿದ್ದಷ್ಟೂ ಬ್ರೇಕ್ ಹೆಚ್ಚು ಕಾಯುತ್ತೆ, ಕಾದ ಬ್ರೇಕ್ ಸರಿಯಾಗಿ ಹಿಡಿಯಲ್ಲ. ಅದಕ್ಕೇ ಲಾರಿಯವರು ಘಾಟಿಯಲ್ಲಿ ಕಡಿಮೆ ಗೇರಲ್ಲೇ ಇಳೀತಾರೆ. ಎಂಜಿನ್ನೇ ವೇಗ ತಡೆಯುತ್ತೆ. ನೀವೂ ಗೇರಲ್ಲೇ ಇಳೀರಿ.